ಮೊದಲು ಬದಲಿಸಬೇಕಾದದ್ದು ಪ್ರೊಸೆಸರೋ, ಗ್ರಾಫಿಕ್ಸ್ ಕಾರ್ಡೋ?

ಪ್ರಶ್ನೆ: 2019ರ ಕೊನೆಯಲ್ಲಿ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಕಂಪ್ಯೂಟರ್ ನನ್ನದು. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಜಿಟಿಎಕ್ಸ್ 1660 ಸೂಪರ್ ಕಾರ್ಡ್, 16 ಜಿಬಿ ರ‍್ಯಾಮ್. ಹೊಸ ಗೇಮ್‌ಗಳು ತಡವರಿಸುತ್ತವೆ. ಎರಡನ್ನೂ ಬದಲಿಸಬೇಕೇ?
– ಬಸವನಗುಡಿಯ ಓದುಗರು

ಎರಡನ್ನೂ ಒಟ್ಟಿಗೆ ಬೇಡ. ಅಂಗಡಿಗೆ ಹೊರಡುವ ಮುನ್ನ ಮನೆಯಲ್ಲೇ ಐದು ನಿಮಿಷದ ಪರೀಕ್ಷೆಯೊಂದನ್ನು ಮಾಡಿ.

ತೊಂದರೆ ಕೊಡುವ ಗೇಮ್ ತೆರೆದು ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್ ಮಾಡಿ. ಪಾತ್ರವನ್ನು ಜನಸಂದಣಿಯ ಜಾಗದಲ್ಲಿ ನಿಲ್ಲಿಸಿ, ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತಿದೆ ನೋಡಿ. ಆಮೇಲೆ ರೆಸಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಿ, ಅದೇ ಜಾಗದಲ್ಲಿ ಮತ್ತೆ ನೋಡಿ. 45 ಇದ್ದದ್ದು 75ಕ್ಕೆ ಏರಿದರೆ ಏದುಸಿರು ಬಿಡುತ್ತಿರುವುದು ಕಾರ್ಡ್. 45 ಇದ್ದದ್ದು 47ಕ್ಕೇ ನಿಂತರೆ ಕಾರ್ಡ್ ಕೈಕಟ್ಟಿ ಕುಳಿತಿದೆ, ಪ್ರೊಸೆಸರ್‌ಗಾಗಿ ಕಾಯುತ್ತಿದೆ.

ಪ್ರತಿ ಫ್ರೇಮಿಗೂ ಯಾರು ಎಲ್ಲಿದ್ದಾರೆ, ಗುಂಡು ಎತ್ತ ಹೋಯಿತು ಎಂದು ಲೆಕ್ಕ ಹಾಕಿ ಪಟ್ಟಿ ಕೊಡುವುದು ಪ್ರೊಸೆಸರ್. ಅದನ್ನು ನೋಡಿ ಚಿತ್ರ ಬಿಡಿಸುವುದು ಕಾರ್ಡ್. ದರ್ಶಿನಿಯಲ್ಲಿ ದೋಸೆ ಹುಯ್ಯುವ ಕೈ ನಿಧಾನವಾದರೆ, ಬಿಲ್ ಕೊಡಲು ಇನ್ನೊಬ್ಬರನ್ನು ಕೂರಿಸಿದರೂ ಸಾಲು ಕರಗುವುದಿಲ್ಲ. ರೆಸಲ್ಯೂಷನ್ ಇಳಿಸಿದಾಗ ಬಿಡಿಸಬೇಕಾದ ಚುಕ್ಕಿಗಳು ಸುಮಾರು 20.7 ಲಕ್ಷದಿಂದ 9.2 ಲಕ್ಷಕ್ಕೆ ಇಳಿಯುತ್ತವೆ. ಹಗುರವಾಗುವುದು ಕಾರ್ಡಿನ ಕೆಲಸ ಮಾತ್ರ. ಪ್ರೊಸೆಸರ್‌ನ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಟಾಸ್ಕ್ ಮ್ಯಾನೇಜರ್ ನೋಡಿ ತೀರ್ಮಾನಿಸಬೇಡಿ. ನಿಮ್ಮ ಪ್ರೊಸೆಸರ್‌ಗೆ 6 ಕೋರ್, 12 ಥ್ರೆಡ್ (ಒಟ್ಟಿಗೆ ನಡೆಯಬಲ್ಲ ಕೆಲಸದ ಸಾಲುಗಳು). ಗೇಮಿನ ಮುಖ್ಯ ಕೆಲಸವೆಲ್ಲ ಒಂದೆರಡು ಥ್ರೆಡ್‌ಗಳ ಮೇಲೆ ಬಿದ್ದು ಅವು ಬಸವಳಿದಿದ್ದರೂ ಒಟ್ಟು ಬಳಕೆ ಶೇ 35 ಎಂದು ತೋರಬಹುದು. ನನ್ನ ತಂಗಿಯ ಮಗ ಇದರ ಉಲ್ಟಾ ಪೆಟ್ಟು ತಿಂದ. ಯಾರದೋ ಮಾತು ಕೇಳಿ, ಕೂಡಿಟ್ಟ ಹಣವನ್ನೆಲ್ಲ ಪ್ರೊಸೆಸರ್‌ಗೆ ಸುರಿದ. ಮೊದಲೂ 40, ಆಮೇಲೂ 40. ಆ ಸಂಜೆಯ ಅವನ ಮುಖ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ನಿಮ್ಮ ಪರೀಕ್ಷೆ ಬಹುಶಃ ಕಾರ್ಡನ್ನೇ ತೋರಿಸುತ್ತದೆ. ಕಾರ್ಡಿನೊಳಗಿನ 6 ಜಿಬಿ ಮೆಮೊರಿ ಈಗ ಸಾಲದು. ಅದರಲ್ಲಿ ಬೆಳಕಿನ ಹಾದಿಯನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವ ರೇ ಟ್ರೇಸಿಂಗ್‌ಗೆ ಪ್ರತ್ಯೇಕ ಯಂತ್ರಾಂಶವೂ ಇಲ್ಲ. 2025ರ ‘ಡೂಮ್: ದಿ ಡಾರ್ಕ್ ಏಜಸ್’ನಂಥ ಗೇಮ್‌ಗಳಿಗೆ ಅದು ಕಡ್ಡಾಯ. ಹೊಸ ಕಾರ್ಡ್ ಎಂದರೆ ಕರೆಂಟ್ ಜಾಸ್ತಿ ಎಂಬ ಭಯವೂ ಬೇಡ: ನಿಮ್ಮ ಈಗಿನ ಕಾರ್ಡ್ 125 ವಾಟ್, ಆರ್‌ಟಿಎಕ್ಸ್ 4060 ಬರೀ 115. ಆದರೆ ಅದಕ್ಕಿರುವುದು 8 ಜಿಬಿ. ಕೈಯಲ್ಲಿ ಹಣವಿದ್ದರೆ 12 ಅಥವಾ 16 ಜಿಬಿಯದ್ದನ್ನೇ ಕೊಳ್ಳಿ, ನಾಲ್ಕು ವರ್ಷ ನೆಮ್ಮದಿಯಾಗಿರುತ್ತೀರಿ. ಅವು ಹೆಚ್ಚು ವಿದ್ಯುತ್ ಕೇಳುವುದರಿಂದ ಪವರ್ ಸಪ್ಲೈ ಮೇಲಿನ ಚೀಟಿಯನ್ನು ಓದಿಕೊಂಡು ಹೋಗಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಪರೀಕ್ಷೆ ಪ್ರೊಸೆಸರ್ ಕಡೆಗೇ ಬೊಟ್ಟು ಮಾಡಿದರೆ ಮೊದಲು ರ‍್ಯಾಮ್ ನೋಡಿ. 16 ಜಿಬಿಯ ಒಂದೇ ಕಡ್ಡಿ ಇದ್ದರೆ ಜೊತೆಗೊಂದು ಹಾಕಿಸಿ. ಎಷ್ಟೋ ಗೇಮ್‌ಗಳ ತಡವರಿಕೆ ಅಲ್ಲಿಗೇ ಕಡಿಮೆಯಾಗುತ್ತದೆ. ಆಮೇಲೂ ಬೇಕೆನಿಸಿದರೆ ರೈಜನ್ 5 5600 ಇದೇ ಎಎಂ4 ಸಾಕೆಟ್‌ಗೆ ಕೂರುತ್ತದೆ. ಹೊಸ ಪೀಳಿಗೆಯ ಎಎಂ5 ಸಾಕೆಟ್ ಕಡೆಗೆ ಹೋದರೆ ಬೋರ್ಡೂ ಹೊಸದು, ಡಿಡಿಆರ್5 ರ‍್ಯಾಮೂ ಹೊಸದು, ಆ ರ‍್ಯಾಮಿನ ಬೆಲೆಯೋ 2025ರ ಕೊನೆಯಿಂದ ವಿಪರೀತ ಏರಿದೆ.

5600 ತಂದ ಕೂಡಲೇ ಹಳೆಯದನ್ನು ಕಿತ್ತುಬಿಡಬೇಡಿ. ಅದು ಬೋರ್ಡಿನಲ್ಲಿ ಇರುವಾಗಲೇ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ. ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಯುಪಿಎಸ್ ಇಲ್ಲದ ಮನೆಯಾದರೆ ಈ ಕೆಲಸವನ್ನು ಗುಡುಗು ಮಳೆಯ ಸಂಜೆಗೆ ಇಟ್ಟುಕೊಳ್ಳಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡುವ ಸಂಭವವಿದೆ.