ಅಸಮತೆಯ ಚಿಹ್ನೆ ಯಾಕೆ ತಿರುಗುತ್ತದೆ?

5 − 3(ಕ − 2) < 2ಕ + 21. ಇಲ್ಲಿ ‘ಕ’ ನಮಗೆ ಗೊತ್ತಿಲ್ಲದ ಸಂಖ್ಯೆ. ಎಡಗಡೆಯದು ಬಲಗಡೆಯದಕ್ಕಿಂತ ಚಿಕ್ಕದಾಗಿರಬೇಕಾದರೆ ಕ ಎಷ್ಟಿರಬಹುದು? ನಡುವೆ ಸಮಚಿಹ್ನೆ ಇದ್ದಿದ್ದರೆ ಒಂದೇ ಸಂಖ್ಯೆ ಉತ್ತರವಾಗುತ್ತಿತ್ತು. ಇದು ಅಸಮತೆ. ಇದಕ್ಕೆ ಸಂಖ್ಯಾರೇಖೆಯ ಒಂದು ಇಡೀ ಭಾಗವೇ ಉತ್ತರ.

ಮೊದಲ ಹೆಜ್ಜೆಗಳು ಸಮೀಕರಣದಲ್ಲಿ ಇರುವಂತೆಯೇ. ಆವರಣ ಬಿಡಿಸಿದರೆ ಎಡಗಡೆ 5 − 3ಕ + 6, ಅಂದರೆ 11 − 3ಕ. (ಆ +6 ಬಂದದ್ದು −3 ಮತ್ತು −2ರ ಗುಣಲಬ್ಧದಿಂದ. ಇಲ್ಲಿ −6 ಬರೆದುಬಿಡುವವರು ಬಹಳ.) ಎರಡೂ ಕಡೆಯಿಂದ 2ಕ ಕಳೆಯೋಣ, ಆಮೇಲೆ 11 ಕಳೆಯೋಣ. ಉಳಿಯುವುದು −5ಕ < 10. ಈಗ −5ರಿಂದ ಭಾಗಿಸಬೇಕು. ಭಾಗಿಸಿದ ಕೂಡಲೇ ಚಿಹ್ನೆ ತಿರುಗುತ್ತದೆ: ಕ > −2.

ಯಾಕೆ ತಿರುಗಬೇಕು? ‘ಋಣ ಸಂಖ್ಯೆ ಬಂದರೆ ತಿರುಗಿಸು’ ಎಂದು ಸುಮ್ನೆ ಬಾಯಿಪಾಠ ಮಾಡಿದವರು 4ಕ > −12 ಕಂಡಾಗಲೂ ತಿರುಗಿಸಿಬಿಡುತ್ತಾರೆ. ಅಲ್ಲಿ ಭಾಗಿಸುವುದು 4ರಿಂದ, ತಿರುಗಿಸುವ ಮಾತೇ ಇಲ್ಲ. ಕಾರಣ ತಿಳಿದರೆ ಈ ತಪ್ಪು ಆಗುವುದಿಲ್ಲ.

2 < 5 ತೆಗೆದುಕೊಳ್ಳಿ. ಸಂಖ್ಯಾರೇಖೆಯಲ್ಲಿ 5 ಇರುವುದು 2ರ ಬಲಕ್ಕೆ. ಎರಡಕ್ಕೂ ಏನನ್ನೇ ಕೂಡಿಸಿ, ಕಳೆಯಿರಿ, ಎರಡೂ ಒಂದೇ ಕಡೆಗೆ ಅಷ್ಟೇ ದೂರ ಜಾರುತ್ತವೆ. ಯಾರು ಎಡಕ್ಕೆ, ಯಾರು ಬಲಕ್ಕೆ ಎಂಬುದು ಬದಲಾಗುವುದಿಲ್ಲ. ಆದರೆ −1ರಿಂದ ಗುಣಿಸುವುದೆಂದರೆ ಸೊನ್ನೆಯ ಬಳಿ ಕನ್ನಡಿ ಹಿಡಿದ ಹಾಗೆ. ಬಲಕ್ಕೆ ಜಾಸ್ತಿ ದೂರ ಇದ್ದದ್ದು ಈಗ ಎಡಕ್ಕೆ ಜಾಸ್ತಿ ದೂರ. ಹಾಗಾಗಿ −2 > −5.

ಸಮಚಿಹ್ನೆಯನ್ನು 1557ರಲ್ಲಿ ರಾಬರ್ಟ್ ರೆಕಾರ್ಡ್ ಬಳಕೆಗೆ ತಂದರು. < ಮತ್ತು > ಅಚ್ಚಾದದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್ ಅವರ ಬೀಜಗಣಿತದ ಪುಸ್ತಕದಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 10 ವರ್ಷವಾಗಿತ್ತು. ಈ ಚಿಹ್ನೆಗಳನ್ನೇ ಕನ್ನಡಿಯಲ್ಲಿ ನೋಡಿ. = ಹಾಗೇ ಕಾಣುತ್ತದೆ, < ಮಾತ್ರ > ಆಗುತ್ತದೆ. ಎಷ್ಟು ಚೆನ್ನಾಗಿ ಹೊಂದುತ್ತದೆ, ಅಲ್ವಾ?

ಕನ್ನಡಿಯೇ ಬೇಡವೆಂದರೆ ದಾರಿ ಇದೆ. 11 − 3ಕ < 2ಕ + 21 ಎಂಬಲ್ಲಿ ಎರಡೂ ಕಡೆ 3ಕ ಕೂಡಿಸಿ, 21 ಕಳೆಯಿರಿ. −10 < 5ಕ, ಅಂದರೆ −2 < ಕ. ಉತ್ತರ ಅದೇ. ನನಗೆ ಇದೇ ಹೆಚ್ಚು ಇಷ್ಟ.

ತಾಳೆ ನೋಡುವುದೂ ಸುಲಭ. ಕ = −2 ಇಟ್ಟರೆ ಎರಡೂ ಕಡೆ 17, ಅದು ಗಡಿ. ಕ = 0 ಆದರೆ 11 < 21, ಸರಿ. ಕ = −3 ಆದರೆ 20 < 15, ಸುಳ್ಳು. ಗಡಿ ಮತ್ತು ಅದರ ಎರಡು ಬದಿ, ಮೂರು ಕಡೆ ನೋಡಿದರೆ ಸಾಕು.

ನಿಜವಾದ ಅಪಾಯ ಇರುವುದು ಕದಿಂದಲೇ ಗುಣಿಸುವಾಗ. 6/ಕ > 2 ಇದೆ ಎನ್ನಿ. ಎರಡೂ ಕಡೆ ಕದಿಂದ ಗುಣಿಸಿ 6 > 2ಕ, ಆದ್ದರಿಂದ ಕ < 3 ಎಂದುಬಿಡಬಹುದು. ಆದರೆ ಕ = −1 ಇಟ್ಟು ನೋಡಿ: −6 > 2, ಸುಳ್ಳು! ಕ ಧನವೋ ಋಣವೋ ಗೊತ್ತಿಲ್ಲದೆ ಗುಣಿಸಿದ್ದೇ ತಪ್ಪು. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಕ ಧನವಾದರೆ ಚಿಹ್ನೆ ಹಾಗೇ ಉಳಿದು ಕ < 3. ಕ ಋಣವಾದರೆ ಚಿಹ್ನೆ ತಿರುಗಿ ಕ > 3 ಆಗುತ್ತದೆ. ಋಣ ಸಂಖ್ಯೆ 3ಕ್ಕಿಂತ ದೊಡ್ಡದಾಗಲು ಸಾಧ್ಯವಿಲ್ಲ. ಉಳಿಯುವುದು 0 < ಕ < 3 ಮಾತ್ರ.