ಹಿಮನಾಡಿನಲ್ಲಿ ಕೋವಿ ಆರಿಸುವ ಲೆಕ್ಕ

ದಶಕಗಳ ಕಾಲ ನಮ್ಮ ಪೊಲೀಸರ ಹೆಗಲಿನಲ್ಲಿ ತೂಗುತ್ತಿದ್ದ ‘ತ್ರೀ ನಾಟ್ ತ್ರೀ’ ರೈಫಲನ್ನು ಕಂಡವರಿಗೆ, ಅದು ಭಾರದ, ಹಳೆಯ ಕಾಲದ, ಒಂದೊಂದು ಗುಂಡಿಗೂ ಬೋಲ್ಟನ್ನು, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ಅಗುಳಿಯನ್ನು, ಕೈಯಿಂದ ಎಳೆದು ತಳ್ಳಬೇಕಾದ ಆಯುಧವೆಂದೇ ನೆನಪು. ಲೀ-ಎನ್‌ಫೀಲ್ಡ್ ಎಂಬ ಅದೇ ವಂಶದ ರೈಫಲ್, ನಮ್ಮ ಠಾಣೆಗಳಿಗೆ ಸ್ವಲ್ಪವೂ ಹೋಲದ ಇನ್ನೊಂದು ಜಾಗದಲ್ಲಿ ಎಪ್ಪತ್ತು ವರ್ಷಗಳಷ್ಟು ಕಾಲ ದುಡಿಯಿತು. ಕೆನಡಾದ ಉತ್ತರದ ಹಿಮಪ್ರದೇಶಗಳನ್ನೂ ದೂರದ ಕರಾವಳಿಗಳನ್ನೂ ಕಾಯಲು 1947ರಲ್ಲಿ ಸ್ಥಾಪನೆಯಾದ ‘ಕೆನೇಡಿಯನ್ ರೇಂಜರ್ಸ್’ ಎಂಬ ಅರೆಕಾಲಿಕ ಸೇನಾಪಡೆಗೆ ಕೊಡುತ್ತಿದ್ದುದು ಅದನ್ನೇ. ಸುಮಾರು 5,000 ಜನರಿರುವ ಈ ಪಡೆಯ ಉತ್ತರದ ಸದಸ್ಯರಲ್ಲಿ ಹೆಚ್ಚಿನವರು ಇನ್ಯುಯಿಟ್ ಮತ್ತಿತರ ಮೂಲನಿವಾಸಿಗಳು; ಬೇಟೆಯಾಡಿ ಮನೆ ನಡೆಸುವವರೂ ಅವರಲ್ಲಿ ಬಹಳ. 2018ರಲ್ಲಿ ಹೊಸ ರೈಫಲ್ ಹಂಚಲು ಆರಂಭವಾದಾಗಲೂ, ಹಳೆಯದರ ಗುಂಡಿನಲ್ಲಿ ಬಲ ಸಾಲದೆಂಬ ಕಾರಣ ಮುಂದಿರಲಿಲ್ಲ. ಅದರ ಬಿಡಿಭಾಗಗಳು ಸಿಗುವುದು ಕಷ್ಟವಾಗಿತ್ತು.

ನಿರ್ಜನವಾದ ಶೀತಪ್ರದೇಶದಲ್ಲಿ ಬದುಕುವವನು ಕೋವಿ ಆರಿಸುವಾಗ ಎಷ್ಟು ಬಲ, ಎಷ್ಟು ದೂರ ಎಂಬ ಪ್ರಶ್ನೆಗಳನ್ನು ಹೊರಗಿನವರೇ ಹೆಚ್ಚಾಗಿ ಕೇಳುತ್ತಾರೆ. ಅಲ್ಲಿಯವರು ಮೊದಲು ಕೇಳುವುದು, ಈ ಕೋವಿ ಎಲ್ಲಿ, ಹೇಗೆ ಕೈಕೊಡುತ್ತದೆ ಎಂದು. ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಭೌತವಿಜ್ಞಾನದ ಪಾಠವೊಂದು ತಾನಾಗಿಯೇ ತೆರೆದುಕೊಳ್ಳುತ್ತದೆ.

ಮೊದಲನೆಯ ವೈರಿ ಎಣ್ಣೆ. ಮಲೆನಾಡಿನಲ್ಲಿ ಕೋವಿ ಇರುವ ಮನೆಗಳಲ್ಲಿ ಮಳೆ ಹಿಡಿಯುತ್ತಿದ್ದಂತೆ ನಳಿಗೆಗೂ ಕೀಲುಗಳಿಗೂ ಎಣ್ಣೆ ಸವರುತ್ತಾರೆ. ಸವರದಿದ್ದರೆ ಕೆಲವೇ ದಿನಗಳಲ್ಲಿ ತುಕ್ಕು ಹತ್ತುತ್ತದೆ. ಮೈನಸ್ 40 ಡಿಗ್ರಿಯಲ್ಲಿ ಇದೇ ಎಣ್ಣೆ ಜೇನಿನಂತೆ, ಕೆಲವೊಮ್ಮೆ ಮೇಣದಂತೆ ಗಟ್ಟಿಯಾಗುತ್ತದೆ. ಟ್ರಿಗರ್ ಒತ್ತಿದಾಗ ಬೋಲ್ಟಿನ ಒಳಗಿರುವ ಸ್ಪ್ರಿಂಗ್ ಬಿಡುಗಡೆಯಾಗಿ ಫೈರಿಂಗ್ ಪಿನ್ನನ್ನು ಮುಂದಕ್ಕೆ ದೂಡುತ್ತದೆ. ಆ ಪಿನ್ನು ತೋಟಾದ ಹಿಂಬದಿಯ ಪುಟ್ಟ ಕೇಪಿಗೆ ಸಾಕಷ್ಟು ವೇಗದಲ್ಲಿ ಬಡಿದರೆ ಮಾತ್ರ ಮದ್ದು ಹೊತ್ತಿಕೊಳ್ಳುತ್ತದೆ. ದಾರಿಯಲ್ಲಿ ಗಟ್ಟಿ ಎಣ್ಣೆ ಅಡ್ಡ ಬಂದರೆ ಪಿನ್ನಿನ ವೇಗ ಕುಗ್ಗುತ್ತದೆ, ಅದರ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ, ಕೇಪಿನ ಮೇಲೆ ಸಣ್ಣ ಗುಳಿಯೊಂದು ಬೀಳುತ್ತದೆಯೇ ಹೊರತು ಈಡು ಹಾರುವುದಿಲ್ಲ. ಆದ್ದರಿಂದ ಚಳಿಗಾಲಕ್ಕೆ ಮುನ್ನ ಬೋಲ್ಟನ್ನು ಪೂರ್ತಿ ಬಿಚ್ಚಿ, ಜಿಡ್ಡೆಲ್ಲ ಹೋಗುವಂತೆ ತೊಳೆದು, ಒಣಗಿಸಿ, ಬೇಕಾದರೆ ಒಂದು ಚಿಟಿಕೆ ಗ್ರಾಫೈಟ್ ಪುಡಿಯನ್ನಷ್ಟೇ ಉಜ್ಜಿ ಬಿಡುತ್ತಾರೆ.

ಎರಡನೆಯ ವೈರಿ ಬೆಚ್ಚನೆಯ ಮನೆ. ಇದು ನಮ್ಮ ಊಹೆಗೆ ಸುಲಭವಾಗಿ ಹೊಳೆಯುವುದಿಲ್ಲ. ಇಡೀ ದಿನ ಮೈನಸ್ 30 ಡಿಗ್ರಿಯಲ್ಲಿದ್ದ ಕೋವಿಯನ್ನು, ಒಲೆ ಉರಿಯುತ್ತಿರುವ, ನೀರು ಕುದಿಯುತ್ತಿರುವ, ನಾಲ್ಕು ಜನ ಉಸಿರಾಡುತ್ತಿರುವ ಗುಡಿಸಲೊಳಗೆ ತಂದರೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈ ಬೆವರುವಂತೆ ಅದರ ಉಕ್ಕೂ ಬೆವರುತ್ತದೆ. ಹೊರಮೈಯ ನೀರನ್ನು ಬಟ್ಟೆಯಿಂದ ಒರೆಸಬಹುದು. ಬೋಲ್ಟಿನ ಒಳಗೆ, ಟ್ರಿಗರಿನ ಸಂದುಗಳಲ್ಲಿ ಕೂತ ಹನಿಗಳನ್ನು ಒರೆಸುವವರಾರು? ಮರುದಿನ ಬೆಳಗ್ಗೆ ಹೊರಗೆ ಒಯ್ದ ಕೆಲವೇ ನಿಮಿಷಗಳಲ್ಲಿ ಆ ಹನಿಗಳು ಮಂಜುಗಡ್ಡೆಯಾಗಿ ಪಿನ್ನನ್ನು ಬಿಗಿಹಿಡಿಯುತ್ತವೆ. ಹೀಗಾಗಿ ಆ ಸೀಮೆಯಲ್ಲಿ ಕೋವಿಯ ಜಾಗ ಬಾಗಿಲಾಚೆಯ ಚಳಿ ಹಜಾರ. ಒಳಗೆ ತರಲೇಬೇಕಾದರೆ ಹೊರಗಿರುವಾಗಲೇ ಗಾಳಿಯಾಡದ ಚೀಲಕ್ಕೆ ತುಂಬಿ ತರುತ್ತಾರೆ. ಬೆವರು ಚೀಲದ ಹೊರಮೈಯಲ್ಲಿ ನಿಲ್ಲುತ್ತದೆ. ನಳಿಗೆಯ ಬಾಯಿಗೆ ಒಂದು ತುಂಡು ಟೇಪ್ ಅಂಟಿಸುವುದೂ ಇಂಥದೇ ಜಾಣತನ. ಎಡವಿ ಬಿದ್ದಾಗ ನಳಿಗೆಯೊಳಗೆ ಹಿಮ ತುಂಬಿಕೊಂಡು, ಅದನ್ನು ಗಮನಿಸದೆ ಗುಂಡು ಹಾರಿಸಿದರೆ ಒತ್ತಡ ಏರಿ ನಳಿಗೆಯೇ ಸೀಳಬಹುದು. ಟೇಪಿನಿಂದ ಅಂಥ ಅಪಾಯವಿಲ್ಲ. ಗುಂಡಿನ ಮುಂದೆ ಓಡಿಬರುವ ಗಾಳಿಯೇ ಅದನ್ನು ಹರಿದು ಹಾಕುತ್ತದೆ.

ಈಗ ಆ ಬೋಲ್ಟಿಗೆ ಬರೋಣ. ಅರೆಸ್ವಯಂಚಾಲಿತ ಕೋವಿಯಲ್ಲಿ ಖಾಲಿ ತೋಟಾವನ್ನು ಹೊರಗೆಸೆದು ಹೊಸದನ್ನು ಒಳಗಿಡುವ ಕೆಲಸವನ್ನು ಮದ್ದಿನ ಅನಿಲವೋ ಕೋವಿಯ ಒದೆತವೋ ಮಾಡುತ್ತದೆ. ಅದಕ್ಕೆ ಸಿಗುವ ಶಕ್ತಿ ಇಷ್ಟೇ ಎಂದು ಮೊದಲೇ ನಿಗದಿಯಾಗಿರುತ್ತದೆ. ಚಳಿಯಲ್ಲಿ ಘರ್ಷಣೆ ಹೆಚ್ಚಿ, ಮದ್ದಿನ ಬಿರುಸು ತಗ್ಗಿದರೆ ಲೆಕ್ಕ ತಪ್ಪುತ್ತದೆ. ಬೋಲ್ಟ್ ರೈಫಲಿನಲ್ಲಿ ಆ ಶಕ್ತಿ ಬರುವುದು ಮನುಷ್ಯನ ತೋಳಿನಿಂದ. ಹಿಡಿಯನ್ನು ಮೇಲಕ್ಕೆ ತಿರುಗಿಸುವಾಗ ಒಳಗಿನ ಓರೆಯಾದ ಮೈಯೊಂದು ಬೋಲ್ಟನ್ನು ತುಸುವೇ ಹಿಂದಕ್ಕೆ ಸರಿಸುತ್ತದೆ. ಕೈ ಸಾಗುವ ದೂರ ಹೆಚ್ಚು, ಬೋಲ್ಟ್ ಸರಿಯುವ ದೂರ ಕಡಿಮೆ. ಆದ್ದರಿಂದ ಅಲ್ಲಿ ಹುಟ್ಟುವ ಬಲ ಹಲವು ಪಟ್ಟು. ಜಾಕ್‌ಸ್ಕ್ರೂ ಲಾರಿಯನ್ನು ಎತ್ತುವ ತತ್ವವೇ ಇದು. ತೋಟಾ ಕೂರುವ ಗೂಡಿನೊಳಗೆ ಕಚ್ಚಿಕೊಂಡ ಖಾಲಿ ತೋಟಾ ಕೂಡ ಕಿತ್ತು ಬರುತ್ತದೆ.

ರೇಂಜರ್ಸ್ ಪಡೆಗೆ ಬಂದ ಹೊಸ ರೈಫಲ್ ಸಿ19 ಕೂಡ ಇದೇ ಕಾರಣಕ್ಕೆ ಬೋಲ್ಟ್ ರೈಫಲ್ಲೇ. ಫಿನ್ಲೆಂಡಿನ ಟಿಕ್ಕಾ ವಿನ್ಯಾಸವನ್ನು ಆಧರಿಸಿ ಕೆನಡಾದಲ್ಲಿಯೇ ತಯಾರಾದ ಅದು ಮೈನಸ್ 51ರಿಂದ 39 ಡಿಗ್ರಿ ಸೆಲ್ಸಿಯಸ್‌ವರೆಗೆ ನಡೆಯಬೇಕೆಂಬುದು ಷರತ್ತಾಗಿತ್ತು. ಅದರ ಬೋಲ್ಟಿನ ಗುಬುಟು ದೊಡ್ಡದು, ಟ್ರಿಗರಿನ ಸುತ್ತಿನ ಬಳೆ ಅಗಲ. ದಪ್ಪ ಕೈಗವಸು ತೊಟ್ಟ ಬೆರಳು ಒಳಗೆ ಹೋಗಬೇಕಲ್ಲ. ಆ ಚಳಿಯಲ್ಲಿ ಬರಿಗೈಯಲ್ಲಿ ಉಕ್ಕನ್ನು ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಗುರಿ ಹಿಡಿಯಲು ದುರ್ಬೀನಿಗೆ ಬದಲು, ಪುಟ್ಟ ರಂಧ್ರದ ಮೂಲಕ ನೋಡುವ ಲೋಹದ ಗುರಿಕಣ್ಣುಗಳನ್ನೇ ಇಟ್ಟರು. ಬಿಸಿ ಉಸಿರು ತಗುಲಿದರೆ ಗಾಜು ಮಂಜಾಗುತ್ತದೆ, ಬ್ಯಾಟರಿ ಚಳಿಗೆ ಸಾಯುತ್ತದೆ, ರಂಧ್ರ ಮಾತ್ರ ರಂಧ್ರವಾಗಿಯೇ ಉಳಿಯುತ್ತದೆ. ಇಷ್ಟೆಲ್ಲ ಯೋಚಿಸಿದರೂ, ಪದರ ಪದರವಾಗಿ ಅಂಟಿಸಿದ ಅದರ ಕೆಂಪು ಮರದ ಹಿಡಿಗಳಲ್ಲಿ ಕೆಲವು ಬಿರುಕು ಬಿಟ್ಟವು. ಮರ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುವ ಹಳೆಯ ಚಾಳಿಯನ್ನು ಬಿಟ್ಟಿರಲಿಲ್ಲ. ಈಶಾನ್ಯ ಗ್ರೀನ್‌ಲೆಂಡಿನಲ್ಲಿ ನಾಯಿಬಂಡಿಗಳ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯಂತೂ 1917ರ ಮಾದರಿಯ ಬೋಲ್ಟ್ ರೈಫಲನ್ನು ಇಪ್ಪತ್ತೊಂದನೆಯ ಶತಮಾನಕ್ಕೂ ಹೊತ್ತು ತಂದಿದೆ. ಇದನ್ನು ಹಳೆಯದರ ಮೇಲಿನ ಮೋಹವೆಂದು ನಾನು ತಿಳಿಯುವುದಿಲ್ಲ.

ಚಳಿ ಗುಂಡಿನ ಹಾದಿಯನ್ನೂ ಬದಲಿಸುತ್ತದೆ. ತಣ್ಣಗಿನ ಮದ್ದು ನಿಧಾನವಾಗಿ ಉರಿಯುವುದರಿಂದ, ಸಾಮಾನ್ಯ ಮದ್ದಿನಲ್ಲಿ ಉಷ್ಣತೆ ಒಂದು ಡಿಗ್ರಿ ಇಳಿದರೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ತಗ್ಗಬಹುದು. ಬೇಸಿಗೆಯ 20 ಡಿಗ್ರಿಯಲ್ಲಿ ಗುರಿ ಹೊಂದಿಸಿದ ರೈಫಲನ್ನು ಮೈನಸ್ 40ರಲ್ಲಿ ಹಾರಿಸಿದರೆ ವೇಗದಲ್ಲಿ ಸೆಕೆಂಡಿಗೆ ಸುಮಾರು 30 ಮೀಟರ್ ನಷ್ಟ. ಅದರ ಜೊತೆಗೆ ಗಾಳಿಯ ಸಾಂದ್ರತೆ ಕೆಲ್ವಿನ್ ಉಷ್ಣತೆಗೆ ವಿಲೋಮವಾಗಿರುವುದರಿಂದ, 293ನ್ನು 233ರಿಂದ ಭಾಗಿಸಿದರೆ ತಿಳಿಯುವಂತೆ, ಆ ಗಾಳಿ ಶೇಕಡಾ 26ರಷ್ಟು ದಟ್ಟ. ನೂರು ಮೀಟರಿನೊಳಗೆ ಇದರಿಂದ ದೊಡ್ಡ ವ್ಯತ್ಯಾಸವಾಗದು. ಮುನ್ನೂರು ಮೀಟರ್ ದೂರದ ಕ್ಯಾರಿಬೂ ಜಿಂಕೆಯ ವಿಷಯದಲ್ಲಿ ಖಂಡಿತ ಆಗುತ್ತದೆ.

ಇನ್ನು ಕರಡಿ. 1953ರ ಮೇ ತಿಂಗಳಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಸ್ಲೇವ್ ಲೇಕ್ ಬಳಿ ಬೆಲ್ಲಾ ಟ್ವಿನ್ ಎಂಬ ಕ್ರೀ ಸಮುದಾಯದ ಮಹಿಳೆ, ಆ ಕಾಲಕ್ಕೆ ದಾಖಲೆ ಎನಿಸಿದ ಗಾತ್ರದ ಗ್ರಿಜ್ಲಿ ಕರಡಿಯನ್ನು ಒಂಟಿ ಈಡಿನ ಪಾಯಿಂಟ್ ಟೂ ಟೂ (ಗುಂಡಿನ ಅಡ್ಡಳತೆ ಸುಮಾರು 0.22 ಇಂಚು) ರೈಫಲಿನಿಂದ ಕೊಂದರು. ಮೊಲ, ಹಕ್ಕಿ ಹೊಡೆಯುವ ಆ ಕೋವಿಯ ಗುಂಡು ಮೂರು ಗ್ರಾಮ್ ಕೂಡ ತೂಗುವುದಿಲ್ಲ. ಶಕ್ತಿ ಸಾಮಾನ್ಯವಾಗಿ 160 ಜೂಲಿನ ಆಸುಪಾಸು. ಸಿ19 ಬಳಸುವ .308 ತೋಟಾದ ಗುಂಡು ಸುಮಾರು 3,700 ಜೂಲ್ ಹೊತ್ತು ಹೊರಡುತ್ತದೆ. ಬೆಲ್ಲಾ ಟ್ವಿನ್ ತೀರ ಹತ್ತಿರದಿಂದ, ತಲೆಯ ಪಕ್ಕಕ್ಕೆ, ಎಲ್ಲಿ ಹೊಡೆಯಬೇಕೆಂದು ಅರಿತು ಹೊಡೆದರು. ಅದರಿಂದ ಪಾಯಿಂಟ್ ಟೂ ಟೂ ಕರಡಿಗೆ ಸಾಕು ಎಂದು ತೀರ್ಮಾನಿಸುವವರು, ಹಾಗೆ ಹೊಡೆಯಲು ಹೋಗಿ ಕಥೆ ಹೇಳಲು ಉಳಿಯದವರನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಹಾಗೆಂದು ಬಲವನ್ನು ಏರಿಸುತ್ತಲೇ ಹೋದರೆ ಅದಕ್ಕೂ ಬೆಲೆ ತೆರಬೇಕು. ನಾಲ್ಕು ಕಿಲೋ ತೂಕದ ರೈಫಲಿನಲ್ಲಿ .308 ಹಾರಿಸಿದರೆ ಹೆಗಲಿಗೆ ಬರುವ ಒದೆತ ಸುಮಾರು 20 ಜೂಲ್. ಅಷ್ಟೇ ತೂಕದಲ್ಲಿ ಆಫ್ರಿಕಾದ ದೊಡ್ಡ ಬೇಟೆಗೆ ಹೆಸರಾದ .375 ತೋಟಾ ಹಾರಿಸಿದರೆ ಅದರ ಮೂರು ಪಟ್ಟಿನ ಹತ್ತಿರ. ಅಂಥ ಕೋವಿಯಿಂದ ಅಭ್ಯಾಸ ಮಾಡುವವರು ಕಡಿಮೆ, ಕಣ್ಣು ಮುಚ್ಚಿ ಟ್ರಿಗರ್ ಎಳೆಯುವವರು ಹೆಚ್ಚು. ಹಿಮಕರಡಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ನಲವತ್ತು ಮೀಟರ್ ದಾಟಲು ನಾಲ್ಕು ಸೆಕೆಂಡು ಕೂಡ ಬೇಡ. ಅಷ್ಟರಲ್ಲಿ ಗುರಿಯಿಟ್ಟ ಗುಂಡುಗಳು ಒಂದೋ ಎರಡೋ.

ಅಲಾಸ್ಕಾದಲ್ಲಿ ಜನರು ಕರಡಿಗಳ ಎದುರು ಬಂದೂಕು ಬಳಸಿದ 269 ಘಟನೆಗಳನ್ನು ಟಾಮ್ ಸ್ಮಿತ್, ಸ್ಟೀಫನ್ ಹೆರೆರೋ ಮತ್ತು ಸಂಗಡಿಗರು 2012ರಲ್ಲಿ ವಿಶ್ಲೇಷಿಸಿದರು. ಉದ್ದ ಕೋವಿಗಳು ಶೇಕಡಾ 76ರಷ್ಟು, ಕೈಪಿಸ್ತೂಲುಗಳು ಶೇಕಡಾ 84ರಷ್ಟು ಸಂದರ್ಭಗಳಲ್ಲಿ ಕೆಲಸಕ್ಕೆ ಬಂದಿದ್ದವು. ಇವರೇ 2008ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಮೆಣಸಿನ ಖಾರದ ಸ್ಪ್ರೇ ಕಂದು ಕರಡಿಗಳನ್ನು ಶೇಕಡಾ 92ರಷ್ಟು ಬಾರಿ ತಡೆದಿತ್ತು. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಸ್ಪ್ರೇಯೇ ಮೇಲೆಂದು ಸಾರುವುದು ವಾಡಿಕೆಯಾಗಿದೆ. ನನಗೆ ಅದು ಅವಸರದ ಮಾತೆನಿಸುತ್ತದೆ. ಕುತೂಹಲದಿಂದ ಡೇರೆ ಮೂಸುವ ಕರಡಿಯೂ ಮೈಮೇಲೆ ನುಗ್ಗುವ ಕರಡಿಯೂ ಒಂದೇ ಪಟ್ಟಿಗೆ ಸೇರುವುದಿಲ್ಲ. ಕೊರೆವ ಚಳಿಯಲ್ಲಿ ಡಬ್ಬಿಯೊಳಗಿನ ಒತ್ತಡ ಕುಸಿಯುತ್ತದೆ, ಎದುರುಗಾಳಿಯಲ್ಲಿ ಖಾರ ಸಿಡಿಸಿದವನ ಕಣ್ಣಿಗೇ ಬರುತ್ತದೆ. ಆದರೂ ಕೋವಿ ಕೈಯಲ್ಲಿದ್ದರೆ ಸಾಕೆಂಬ ಭರವಸೆಯನ್ನು ಈ ಅಧ್ಯಯನಗಳು ಅಲುಗಾಡಿಸಿದ್ದು ಒಳ್ಳೆಯದೇ ಆಯಿತು.

ಕರಡಿ ಎದುರಾಗುವುದು ಅಪರೂಪ, ಹಸಿವು ದಿನನಿತ್ಯದ್ದು. ಬಲೆಗಳ ಜಾಡಿನಲ್ಲಿ ನಡೆಯುವವನಿಗೆ ಸಿಗುವುದು ಹಿಮಮೊಲ ಮತ್ತು ಟಾರ್ಮಿಗನ್ ಎಂಬ ಬಿಳಿ ಹಕ್ಕಿ. .308 ತಗುಲಿದರೆ ಅವುಗಳಲ್ಲಿ ಪಾತ್ರೆಗೆ ಹಾಕಲು ಏನೂ ಉಳಿಯುವುದಿಲ್ಲ. ಪಾಯಿಂಟ್ ಟೂ ಟೂ ತೋಟಾ ಮೂರೂವರೆ ಗ್ರಾಮಿನಷ್ಟೇ ತೂಗುವುದರಿಂದ ಐನೂರು ತೋಟಾಗಳ ಭಾರ ಎರಡು ಕಿಲೋದೊಳಗೆ ಮುಗಿಯುತ್ತದೆ. ಮನೆಯಲ್ಲಿ ಅತಿ ಹೆಚ್ಚು ಸವೆಯುವ ಕೋವಿ ಅದೇ. ಇಲ್ಲಿ ಸೀಸದ ಪ್ರಶ್ನೆಯೂ ಏಳುತ್ತದೆ. ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದ ನುನಾವಿಕ್‌ನಲ್ಲಿ ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಕಂಡ ಸೀಸದ ಐಸೋಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಪ್ರಮಾಣವನ್ನು ಹೋಲಿಸಿ ನೋಡಿದಾಗ, ಅದರ ಮೂಲ ಬೇಟೆಯ ಚರೆಗಳೇ ಎಂಬುದು ಹೊರಬಿತ್ತು. ಹಕ್ಕಿಯ ಮಾಂಸದಲ್ಲಿ ಉಳಿದ ಚರೆ ತಾಯಂದಿರ ತಟ್ಟೆಯ ಮೂಲಕ ಅಲ್ಲಿಗೆ ತಲುಪಿತ್ತು. 1999ರಿಂದ ಕೆನಡಾ ಹೆಚ್ಚಿನ ವಲಸೆ ಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ದೇಶದಾದ್ಯಂತ ನಿಷೇಧಿಸಿದೆ.

ಎಲ್ಲ ಕೆಲಸಕ್ಕೂ ಒಂದೇ ಕೋವಿ ಸಾಲದೇ ಎಂಬ ಆಸೆಗೆ ಸೋವಿಯತ್ ಎಂಜಿನಿಯರುಗಳು ಕೊಟ್ಟ ಉತ್ತರ ಸ್ವಾರಸ್ಯಕರವಾಗಿದೆ. 1965ರ ಮಾರ್ಚ್ 19ರಂದು ವೊಸ್ಖೋದ್-2 ಗಗನನೌಕೆ ಗುರಿಯಿಂದ ನೂರಾರು ಕಿಲೋಮೀಟರ್ ದೂರ, ಪೆರ್ಮ್ ಸೀಮೆಯ ಹಿಮ ತುಂಬಿದ ಕಾಡಿನಲ್ಲಿ ಇಳಿಯಿತು. ಅದರಲ್ಲಿದ್ದ ಗಗನಯಾತ್ರಿಗಳಾದ ಅಲೆಕ್ಸೇಯ್ ಲಿಯೊನೋವ್ ಮತ್ತು ಪಾವೆಲ್ ಬೆಲ್ಯಾಯೆವ್ ತೋಳ, ಕರಡಿಗಳ ಆ ನಾಡಿನಲ್ಲಿ ಎರಡು ರಾತ್ರಿ ಕಳೆದರು. ಈ ಅನುಭವದ ಬೆನ್ನಲ್ಲಿ ರೂಪುಗೊಂಡ ಟಿಪಿ-82 ಪಿಸ್ತೂಲಿಗೆ ಮೂರು ನಳಿಗೆಗಳಿದ್ದವು: ಮೇಲೆ ಚರೆಗೂ ಬೆಳಕಿನ ಸಂಕೇತಕ್ಕೂ ಒದಗುವ ಎರಡು ನುಣುಪು ನಳಿಗೆ, ಕೆಳಗೆ ಗುಂಡಿಗೆ ಒಂದು. ಅದರ ಹಿಡಿಯನ್ನು ಕಳಚಿದರೆ ಕೊಂಬೆ ಕಡಿಯುವ ಮಚ್ಚಾಗುತ್ತಿತ್ತು. 1986ರಿಂದ ಸುಮಾರು ಎರಡು ದಶಕಗಳ ಕಾಲ ಅದು ಗಗನಯಾತ್ರಿಗಳ ಜೊತೆ ಆಕಾಶಕ್ಕೆ ಹೋಗಿಬಂತು. ಆದರೆ ಅದರ ತೋಟಾಗಳು ಅದಕ್ಕೆಂದೇ ತಯಾರಾದವು, ಬೇರೆಲ್ಲೂ ಸಿಗುತ್ತಿರಲಿಲ್ಲ. ದಾಸ್ತಾನಿನ ತೋಟಾಗಳ ಅವಧಿ ಮುಗಿದಾಗ ಮೂರು ನಳಿಗೆಯ ಆ ಪಿಸ್ತೂಲನ್ನು ಕೆಳಗಿಟ್ಟು, ಗಗನಯಾತ್ರಿಗಳು ಸಾಮಾನ್ಯ ಸೇನಾ ಪಿಸ್ತೂಲನ್ನು ಕೈಗೆತ್ತಿಕೊಂಡರು.