ಟಿಪಿಎಂ ಪಾಸ್‌ವರ್ಡ್ ಎಂದರೆ ಯಾವ ಪಾಸ್‌ವರ್ಡ್?

ಟಿಪಿಎಂ ಎಂದರೆ ಕಂಪ್ಯೂಟರಿನೊಳಗೆ ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಚಿಪ್. ‘ಟಿಪಿಎಂ ಪಾಸ್‌ವರ್ಡ್ ಬದಲಿಸಬೇಕು’ ಎನ್ನುವವರಲ್ಲಿ ಹೆಚ್ಚಿನವರಿಗೆ ನಿಜವಾಗಿ ಬೇಕಿರುವುದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯದ ಪಿನ್ ಬದಲಾವಣೆ. ಕಂಪ್ಯೂಟರ್ ಆನ್ ಮಾಡಿದಾಗ, ವಿಂಡೋಸ್ ಏಳುವ ಮೊದಲೇ ಕೇಳುವ ಪಿನ್ ಅದು. ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಪುಟದಲ್ಲಿ ‘ಚೇಂಜ್ ಪಿನ್’ ಒತ್ತಿ, ಹಳೆಯದನ್ನೂ ಹೊಸದನ್ನೂ ಕೊಟ್ಟರೆ ಮುಗಿಯಿತು. ಈಗಿನ ವಿಂಡೋಸ್‌ನಲ್ಲಿ ಪಿನ್ ಕನಿಷ್ಠ 6 ಅಂಕೆ, ಗರಿಷ್ಠ 20. ಅಕ್ಷರಗಳನ್ನೂ ಸೇರಿಸಬೇಕೆಂದರೆ ವಿಂಡೋಸ್‌ನ ನಿಯಮಗಳ ಪಟ್ಟಿಯಾದ ಗ್ರೂಪ್ ಪಾಲಿಸಿಯಲ್ಲಿ ‘ಎನ್‌ಹ್ಯಾನ್ಸ್‌ಡ್ ಪಿನ್’ ಆನ್ ಮಾಡಬೇಕು. ಪಿನ್ ಕೇಳುವ ಹಂತದಲ್ಲಿ ಸಿಗುವುದು ಅಮೆರಿಕನ್ ಇಂಗ್ಲಿಷ್ ಕೀಲಿಮಣೆ ಮಾತ್ರ, ಕನ್ನಡ ಅಕ್ಷರ ನಡೆಯುವುದಿಲ್ಲ.

ಚಿಪ್‌ನ ಮಾಲೀಕ ಪಾಸ್‌ವರ್ಡ್, ಅಂದರೆ ‘ಓನರ್ ಪಾಸ್‌ವರ್ಡ್’, ಬೇರೆಯೇ. ವಿಂಡೋಸ್ 10ರ 1607ನೇ ಆವೃತ್ತಿಯಿಂದ ಈಚೆಗೆ ವಿಂಡೋಸ್ ಚಿಪ್ಪನ್ನು ಸಿದ್ಧಪಡಿಸುವಾಗ ಈ ಪಾಸ್‌ವರ್ಡನ್ನು ತಾನೇ ಇಟ್ಟು, ಆಮೇಲೆ ಉಳಿಸಿಕೊಳ್ಳದೆ ಬಿಟ್ಟುಬಿಡುತ್ತದೆ. ಹಳೆಯದು ಯಾರ ಬಳಿಯೂ ಇಲ್ಲದ ಮೇಲೆ ಬದಲಿಸುವ ಮಾತೆಲ್ಲಿ?

ಲಿನಕ್ಸ್‌ನಲ್ಲಿ ಲೆಕ್ಕ ಬೇರೆ. ಚಿಪ್‌ನ ಈಗಿನ ಪೀಳಿಗೆಯಾದ ಟಿಪಿಎಂ 2.0ರಲ್ಲಿ ಓನರ್ (ಮಾಲೀಕ), ಎಂಡೋರ್ಸ್‌ಮೆಂಟ್ (ಚಿಪ್‌ನ ಗುರುತು), ಲಾಕೌಟ್ (ತಪ್ಪುಗಳಿಂದ ಬಿದ್ದ ಲಾಕ್ ತೆಗೆಯುವುದು) ಎಂಬ ಮೂರಕ್ಕೂ ಪ್ರತ್ಯೇಕ ಪಾಸ್‌ವರ್ಡ್. ಕ್ಲಿಯರ್ ಆದ, ಅಂದರೆ ಹಿಂದಿನ ಕೀಲಿ, ಪಾಸ್‌ವರ್ಡ್ ಅಳಿಸಿದ ಚಿಪ್‌ನಲ್ಲಿ ಮೂರೂ ಖಾಲಿ. ಟಿಪಿಎಂ2-ಟೂಲ್ಸ್ ಎಂಬ ಆದೇಶಗಳ ಕಟ್ಟಿನ ‘ಚೇಂಜ್‌ಆಥ್’ ಆದೇಶಕ್ಕೆ ಯಾವುದರ ಪಾಸ್‌ವರ್ಡ್ ಎಂದು ಹೇಳಿ, ಹಳೆಯದಿದ್ದರೆ ಅದನ್ನೂ ಕೊಟ್ಟು, ಕೊನೆಗೆ ಹೊಸದನ್ನು ಬರೆಯಬೇಕು. ಮಾಲೀಕ ಪಾಸ್‌ವರ್ಡ್ ತಪ್ಪಾದರೆ ಚಿಪ್ ಲೆಕ್ಕ ಇಡುವುದಿಲ್ಲ, ಎಷ್ಟು ಸಲ ಬೇಕಾದರೂ ಊಹಿಸಬಹುದು. ಹಾಗಾಗಿ ಅದು ಉದ್ದವಿರಲಿ. ಲಾಕೌಟ್ ಪಾಸ್‌ವರ್ಡ್ ಇದಕ್ಕೆ ತದ್ವಿರುದ್ಧ. ಒಂದೇ ಸಲ ತಪ್ಪಿದರೂ ನಿಗದಿತ ಅವಧಿ ಮುಗಿಯುವವರೆಗೆ ಆ ಬಾಗಿಲು ಮುಚ್ಚಿರುತ್ತದೆ. ಇನ್ನೊಂದು ಪೇಚು: ಮಾಲೀಕ ಪಾಸ್‌ವರ್ಡ್ ಇಟ್ಟರೆ, ಅದು ಖಾಲಿಯಿದೆ ಎಂದೇ ನಂಬಿ ಬರೆದ ತಂತ್ರಾಂಶಗಳು ಕೈಕೊಡುತ್ತವೆ. ಮನೆಯ ಲ್ಯಾಪ್‌ಟಾಪಿಗೆ ಈ ಉಸಾಬರಿ ಬೇಡ.

ಬಿಟ್‌ಲಾಕರ್ ಪಿನ್ ತಪ್ಪಿದರೆ? ವಿಂಡೋಸ್ ಸಿದ್ಧಪಡಿಸಿದ 2.0 ಚಿಪ್ 32 ತಪ್ಪಿಗೆ ಲಾಕ್ ಆಗುತ್ತದೆ. ಆಮೇಲೆ 10 ನಿಮಿಷಕ್ಕೊಂದು ತಪ್ಪನ್ನು ಮರೆಯುತ್ತದೆ, ಆದರೆ ಯಂತ್ರ ಆನ್ ಆಗಿದ್ದಾಗ ಮಾತ್ರ. ಆಫ್ ಮಾಡಿ ರಾತ್ರಿಯಿಡೀ ಇಟ್ಟರೆ ಏನೂ ಲಾಭವಿಲ್ಲ. ವಿಂಡೋಸ್‌ಗೆ ಆದೇಶ ಬರೆದು ಕೊಡುವ ಕಿಟಕಿಯಾದ ಪವರ್‌ಶೆಲ್‌ನಲ್ಲಿ ‘ಗೆಟ್-ಟಿಪಿಎಂ’ ಕೊಟ್ಟರೆ ಎಷ್ಟು ತಪ್ಪು ಎಣಿಕೆಯಾಗಿದೆ ಎಂದು ಕಾಣುತ್ತದೆ.

ದೊಡ್ಡ ಅನಾಹುತ ಆಗುವುದು ‘ಕ್ಲಿಯರ್ ಟಿಪಿಎಂ’ ಒತ್ತಿದಾಗ. ಪಾಸ್‌ವರ್ಡ್ ಅಳಿಸುವ ಗುಂಡಿ ಎಂದುಕೊಂಡು ಒತ್ತುತ್ತಾರೆ. ಅದು ಪಾಸ್‌ವರ್ಡಿನ ಜೊತೆಗೆ ಡಿಸ್ಕ್ ತೆರೆಯುವ ಕೀಲಿ, ವಿಂಡೋಸ್‌ಗೆ ಲಾಗಿನ್ ಆಗುವ ‘ವಿಂಡೋಸ್ ಹಲೋ’ ಪಿನ್ ಎಲ್ಲವನ್ನೂ ನಿರುಪಯುಕ್ತ ಮಾಡುತ್ತದೆ. ಮಾಡಲೇಬೇಕಾದರೆ ಮೊದಲು ಬಿಟ್‌ಲಾಕರ್‌ನ 48 ಅಂಕೆಯ ರಿಕವರಿ ಕೀ (ಪಿನ್ ಇಲ್ಲದಿದ್ದರೂ ಡಿಸ್ಕ್ ತೆರೆಯುವ ಸಂಖ್ಯೆ) ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ. ಅದನ್ನು ಅದೇ ಲ್ಯಾಪ್‌ಟಾಪಿನಲ್ಲಿ ಉಳಿಸಿದರೆ ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟಂತೆ. ನಂತರ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ, ಅಂದರೆ ತಾತ್ಕಾಲಿಕವಾಗಿ ತಡೆಹಿಡಿಯಿರಿ. ಸಾಮಾನ್ಯವಾಗಿ ಒಂದು ರೀಸ್ಟಾರ್ಟ್ ಆದ ಕೂಡಲೇ ಅದು ತಾನಾಗಿ ಮರಳುತ್ತದೆ, ಆದ್ದರಿಂದ ಪವರ್‌ಶೆಲ್‌ನ ‘ಸಸ್ಪೆಂಡ್-ಬಿಟ್‌ಲಾಕರ್’ ಆದೇಶದಲ್ಲಿ ‘ರೀಬೂಟ್‌ಕೌಂಟ್’ 0 ಎಂದು ಕೊಡುವುದು ಕ್ಷೇಮ. ಕ್ಲಿಯರ್ ಆಗಿ ವಿಂಡೋಸ್ ತೆರೆದ ಮೇಲೆ ನೀವೇ ‘ರೆಸ್ಯೂಮ್’ ಒತ್ತಬೇಕು. ಅದನ್ನು ಮರೆತರೆ ಡಿಸ್ಕ್ ಬೀಗ ಹಾಕಿದಂತೆ ಕಂಡರೂ, ಕೀಲಿ ಅದರಲ್ಲೇ ನೇತಾಡುತ್ತಿರುತ್ತದೆ.